ಚಿತ್ರದ ತುಂಡೋ, ಅಕ್ಷರದ ಸಾಲೋ?



ಮನೆಯ ಹುಡುಗ ಆರನೆಯ ತರಗತಿಗೆ ಬಂದನೆಂದರೆ ಈಗ ತಂದೆ-ತಾಯಿಗೆ ಒಂದು ಹೊಸ ಚಿಂತೆ ಹತ್ತಿಕೊಳ್ಳುತ್ತದೆ. ಕೋಡಿಂಗ್ ಕಲಿಸಬೇಕಂತೆ, ಎಲ್ಲರೂ ಕಲಿಸುತ್ತಿದ್ದಾರಂತೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೆಯ ತರಗತಿಯ ಹಂತದಲ್ಲೇ ಕೋಡಿಂಗ್ ಚಟುವಟಿಕೆ ಬರಲಿ ಎಂದು ಬರೆದ ಮೇಲಂತೂ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನಂಥ ನಮ್ಮ ಊರುಗಳಿಗೂ ಈ ಮಾತು ಬಂದು ಮುಟ್ಟಿದೆ. ವಿಚಾರಿಸಲು ಹೋದರೆ ಒಬ್ಬರು ಬಣ್ಣಬಣ್ಣದ ತುಂಡುಗಳನ್ನು ಎಳೆದು ಜೋಡಿಸಿ ಬೆಕ್ಕನ್ನು ಕುಣಿಸುವ ಆಟ ತೋರಿಸುತ್ತಾರೆ. ಇನ್ನೊಬ್ಬರು ‘ಅದೆಲ್ಲ ಆಟಿಕೆ, ನಮ್ಮಲ್ಲಿ ನೇರ ಪೈಥಾನ್’ ಎನ್ನುತ್ತಾರೆ. ಫೀಯನ್ನು ಮಾತ್ರ ಇಬ್ಬರೂ ಮುಂಗಡವಾಗಿಯೇ ಕೇಳುತ್ತಾರೆ. ತೊಗರಿ ಮಾರಿದ ರೊಕ್ಕದಲ್ಲಿ ಆ ಫೀ ಕಟ್ಟುವವರು ಯಾತಕ್ಕೆ ಕಟ್ಟುತ್ತಿದ್ದೇವೆ ಎಂದು ತಿಳಿದು ಕಟ್ಟಲಿ ಎಂದು ಈ ನಾಲ್ಕು ಮಾತು.

ನಾನು ಇಂಜಿನಿಯರನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ಕೈಯಿಂದ ಲೆಡ್ಜರ್ ಬರೆದ ಕಾಲವನ್ನೂ ಕಂಡೆ, ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದುದನ್ನೂ ಕಂಡೆ, ಇಡೀ ಶಾಖೆ ಗಣಕಯಂತ್ರಕ್ಕೆ ಹೋದುದನ್ನೂ ಕಂಡೆ. ನಿವೃತ್ತಿಯಾದ ಮೇಲೆ ಮೊಮ್ಮಗಳ ಪಕ್ಕದಲ್ಲಿ ಕುಳಿತು ಈ ಎರಡೂ ವಿಧಾನಗಳನ್ನು ಕಲಿತೆ. ಹಾಗಾಗಿ ನನ್ನ ವಿವರಣೆಯೂ ಬ್ಯಾಂಕಿನದೇ ಆಗಿರುತ್ತದೆ, ಸಹಿಸಿಕೊಳ್ಳಿ.

ಹಣ ಕಟ್ಟಲು ಹೋದವರಿಗೆಲ್ಲ ಚಲನ್ ಗೊತ್ತು. ಹೆಸರಿಗೆ ಒಂದು ಗೆರೆ, ಖಾತೆ ಸಂಖ್ಯೆಗೆ ಸಾಲು ಮನೆಗಳು, ಮೊತ್ತವನ್ನು ಅಂಕಿಯಲ್ಲೊಮ್ಮೆ ಅಕ್ಷರದಲ್ಲೊಮ್ಮೆ ಬರೆಯಲು ಜಾಗ. ಬರೆಯಲು ಅಳುಕುವವರೂ ಅದನ್ನು ತುಂಬಿ ಕೊಡಬಲ್ಲರು, ಯಾಕೆಂದರೆ ಏನು ಎಲ್ಲಿ ಬರಬೇಕೆಂದು ಕಾಗದವೇ ಹೇಳುತ್ತದೆ. ಆದರೆ ಸಾಲದ ವಿಷಯವಾಗಿ ಮ್ಯಾನೇಜರರಿಗೆ ಒಂದು ಅರ್ಜಿ ಬರೆಯಬೇಕು ಅನ್ನಿ. ಎದುರಿಗೆ ಬಿಳಿ ಹಾಳೆ. ಎಲ್ಲಿಂದ ಶುರು ಮಾಡಬೇಕು, ಯಾವ ಮಾತು ಮೊದಲು, ಯಾವುದು ನಂತರ, ಎಲ್ಲವೂ ನಿಮ್ಮದೇ ಜವಾಬ್ದಾರಿ. ತುಂಡು ಜೋಡಿಸುವ ವಿಧಾನ ಚಲನ್ ಇದ್ದಂತೆ, ಅಕ್ಷರದಲ್ಲಿ ಬರೆಯುವ ವಿಧಾನ ಅರ್ಜಿ ಇದ್ದಂತೆ. ಇಲ್ಲಿ ಒಂದು ಮಾತು ಗಮನಿಸಿ: ಚಲನ್‌ನಲ್ಲಿ ಬೇರೆಯವರ ಖಾತೆ ಸಂಖ್ಯೆ ಬರೆದರೆ ಚಲನ್ ತಡೆಯುವುದಿಲ್ಲ. ಮನೆ ತುಂಬಿದೆ, ಕಾಗದ ಸರಿಯಿದೆ, ಹಣ ಮಾತ್ರ ಇನ್ನೊಬ್ಬರ ಖಾತೆಗೆ ಜಮಾ.

ತುಂಡುಗಳ ವಿಧಾನದಲ್ಲಿ ಹೆಚ್ಚು ಹೆಸರಾದದ್ದು ಸ್ಕ್ರ್ಯಾಚ್. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಮತ್ತು ಸಂಗಡಿಗರು ಅದನ್ನು ಮಾಡಿ 2007ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಎಂಟರಿಂದ ಹದಿನಾರರ ವಯಸ್ಸಿನವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಒಂದೊಂದು ಆಜ್ಞೆಯೂ ಒಂದೊಂದು ತುಂಡು. ನಡೆಸುವ ತುಂಡು ನೀಲಿ, ಮತ್ತೆ ಮತ್ತೆ ಮಾಡಿಸುವ ತುಂಡು ಕಿತ್ತಳೆ. ಸಂಖ್ಯೆ ಕೂರುವ ಜಾಗ ದುಂಡಗೆ. ‘ಹೌದೋ ಅಲ್ಲವೋ’ ಎಂಬ ಷರತ್ತು ಕೂರುವ ಜಾಗಕ್ಕೆ ಎರಡೂ ಬದಿ ಚೂಪು. ಷರತ್ತನ್ನು ದುಂಡನೆಯ ಜಾಗದಲ್ಲಾದರೂ ಇಟ್ಟೀರಿ, ಬರಿಯ ಸಂಖ್ಯೆಯನ್ನು ಚೂಪು ಜಾಗಕ್ಕೆ ಕೂರಿಸಲಾರಿರಿ. ಆದ್ದರಿಂದ ಕಾಗುಣಿತದ ತಪ್ಪು, ಆವರಣ ಮುಚ್ಚಲು ಮರೆತ ತಪ್ಪು, ಇಂಥವು ಇಲ್ಲಿ ಆಗುವುದೇ ಇಲ್ಲ.

ಪೈಥಾನ್ ಹಾಗಲ್ಲ. ಅದು 1991ರಲ್ಲಿ ಹೊರಬಂದ ಅಕ್ಷರದ ಭಾಷೆ, ಅಂಥವುಗಳಲ್ಲಿ ಸುಲಭವಾದದ್ದೂ ಹೌದು. ಆದರೂ ‘ಪ್ರಿಂಟ್’ ಎಂಬ ಪದದ ಮೊದಲ ಇಂಗ್ಲಿಷ್ ಅಕ್ಷರವನ್ನು ದೊಡ್ಡದಾಗಿ ಬರೆದರೆ ಅದಕ್ಕೆ ತಿಳಿಯುವುದಿಲ್ಲ. ಸಾಲಿನ ಕೊನೆಗೆ ಎರಡು ಚುಕ್ಕೆ ಬಿಟ್ಟರೆ ನಿಂತುಬಿಡುತ್ತದೆ. ಯಾಕೆ ನಿಂತೆ ಎಂದರೆ ಇಂಗ್ಲಿಷಿನಲ್ಲಿ ಕಾರಣ ಹೇಳುತ್ತದೆ. ನಮ್ಮ ಮಕ್ಕಳು ತಡವರಿಸುವುದು ಇಲ್ಲಿಯೇ.

ಈ ಎರಡನ್ನೂ ಒಂದೇ ಲೆಕ್ಕದ ಮೇಲೆ ಪರೀಕ್ಷಿಸೋಣ. ಹತ್ತು ಸಾವಿರ ರೂಪಾಯಿ ಠೇವಣಿ, ಶೇಕಡಾ 7 ಬಡ್ಡಿ, ವರ್ಷಕ್ಕೊಮ್ಮೆ ಬಡ್ಡಿ ಅಸಲಿಗೆ ಸೇರಬೇಕು, ಮೂರು ವರ್ಷ. ಕೈಲೆಕ್ಕದಲ್ಲಿ ಮೊದಲ ವರ್ಷ 10,700, ಎರಡನೆಯದಕ್ಕೆ 11,449, ಮೂರನೆಯದಕ್ಕೆ 12,250 ರೂಪಾಯಿ 43 ಪೈಸೆ. ಗಣಕಯಂತ್ರಕ್ಕೆ ಹೇಳುವುದು ಹೀಗೆ: ‘ಅಸಲು’ ಎಂಬ ಹೆಸರಿನ ಒಂದು ಡಬ್ಬಿ ಮಾಡು, ಅದರಲ್ಲಿ 10,000 ಹಾಕು, ಅಸಲಿನ ನೂರರಲ್ಲಿ ಏಳು ಪಾಲು ಅದಕ್ಕೇ ಸೇರಿಸು, ಈ ಕೊನೆಯ ಕೆಲಸ ಮೂರು ಸಲ ಮಾಡು. ಮೊಮ್ಮಗಳು ಇದನ್ನು ಸ್ಕ್ರ್ಯಾಚ್‌ನಲ್ಲಿ ಐದು ನಿಮಿಷದಲ್ಲಿ ಜೋಡಿಸಿದಳು. ಒಂದು ತುಂಡೂ ತಪ್ಪು ಕೂತಿಲ್ಲ. ಉತ್ತರ ಬಂತು, 10,700.

‘ಮೂರು ವರ್ಷ ಇಟ್ರೂ ಒಂದೇ ವರ್ಷದ ಬಡ್ಡಿ ಕೊಡ್ಲಾಕತ್ತದಲ್ಲ ಮುತ್ಯಾ?’

‘ವರ್ಷಾ ನೀ ಹೊಸಾ ಖಾತೆ ತೆಗಿಲಾಕತ್ತಿ, ನೋಡು’ ಎಂದೆ.

ಹತ್ತು ಸಾವಿರ ಹಾಕುವ ತುಂಡನ್ನು ಅವಳು ‘ಮೂರು ಸಲ ಮಾಡು’ ಎಂಬ ತುಂಡಿನ ಬಾಯಿಯೊಳಗೆ ಇಟ್ಟಿದ್ದಳು. ಪ್ರತಿ ಸುತ್ತಿಗೂ ಅಸಲು ಮತ್ತೆ ಹತ್ತು ಸಾವಿರಕ್ಕೇ ಇಳಿಯುತ್ತಿತ್ತು. ಆ ತುಂಡನ್ನು ಹೊರಗೆ ಎಳೆದೊಡನೆ 12,250.43 ಬಂತು. ಮರುದಿನ ಅದನ್ನೇ ಪೈಥಾನ್‌ನಲ್ಲಿ ಬರೆಯಲು ಕುಳಿತಾಗ ಅರ್ಧ ಗಂಟೆ ಹೋದದ್ದು ಎರಡು ಚುಕ್ಕೆ ಮತ್ತು ಜಾಗ ಬಿಡುವುದರಲ್ಲಿ, ಬಡ್ಡಿಯಲ್ಲಿ ಅಲ್ಲ. ಆ ಒಳಗು-ಹೊರಗಿನ ತಪ್ಪು ಪೈಥಾನ್‌ನಲ್ಲೂ ಆಗಬಹುದಿತ್ತು, ಅದೂ ಸುಮ್ಮನೆ 10,700 ಎಂದೇ ಹೇಳುತ್ತಿತ್ತು. ಚಿತ್ರದ ವಿಧಾನ ಬರವಣಿಗೆಯ ತಪ್ಪನ್ನು ತಡೆಯುತ್ತದೆ, ವಿಚಾರದ ತಪ್ಪನ್ನು ತಡೆಯುವುದಿಲ್ಲ. ಮಗುವಿಗೆ ಮೊದಲು ಯಾವ ತಪ್ಪಿನ ಜೊತೆ ಗುದ್ದಾಡಿಸಬೇಕು ಎಂಬುದೇ ನಿಮ್ಮ ಮುಂದಿರುವ ಆಯ್ಕೆ. ಹನ್ನೆರಡರ ಒಳಗಿನ ಮಗುವಾದರೆ ವಿಚಾರದ ತಪ್ಪಿನ ಜೊತೆ ಎಂಬುದು ನನ್ನ ಅಭಿಪ್ರಾಯ.

‘ಆಟಿಕೆಯಿಂದ ಶುರು ಮಾಡಿದರೆ ಮುಂದೆ ಹಿಂದೆ ಬೀಳುತ್ತದೆ’ ಎಂದು ಹೆದರಿಸುವವರಿದ್ದಾರೆ. ಇದನ್ನು ಅಳೆದು ನೋಡಿದ್ದಾರೆ. ಅಮೆರಿಕದ ಡೇವಿಡ್ ವೈನ್‌ಟ್ರಾಪ್ ಮತ್ತು ಯೂರಿ ವಿಲೆನ್‌ಸ್ಕಿ ಎಂಬ ಸಂಶೋಧಕರು ಒಂದು ಪ್ರೌಢಶಾಲೆಯಲ್ಲಿ ಒಂದು ತರಗತಿಗೆ ತುಂಡುಗಳಲ್ಲಿ, ಇನ್ನೊಂದಕ್ಕೆ ಅಕ್ಷರದಲ್ಲಿ ಐದು ವಾರ ಒಂದೇ ಪಾಠ ಮಾಡಿಸಿದರು. 2017ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ ಎರಡೂ ಕಡೆ ಮಕ್ಕಳು ಕಲಿತರು, ತುಂಡುಗಳವರು ಹೆಚ್ಚು ಕಲಿತರು, ಮುಂದೆಯೂ ಕಲಿಯುವ ಆಸೆ ಅವರಲ್ಲೇ ಹೆಚ್ಚು. ಅಕ್ಷರದವರಿಗೆ ಮಾತ್ರ ತಾವು ಮಾಡುತ್ತಿರುವುದು ನಿಜವಾದ ಕಸುಬುದಾರರ ಕೆಲಸದ ಹಾಗೆ ಅನ್ನಿಸಿತು. ಆಮೇಲೆ ಎಲ್ಲರಿಗೂ ಜಾವಾ ಎಂಬ ಅಕ್ಷರದ ಭಾಷೆ ಕಲಿಸಿದರು. ಹತ್ತು ವಾರ ಕಳೆದ ಮೇಲೆ ನೋಡಿದರೆ ಎರಡೂ ಗುಂಪು ಸಮಸಮ. ಅಂದರೆ ತುಂಡುಗಳಿಂದ ಶುರು ಮಾಡಿದವರಿಗೆ ನಷ್ಟವೂ ಆಗಲಿಲ್ಲ, ಕೊನೆಯವರೆಗೆ ಉಳಿಯುವ ಲಾಭವೂ ಸಿಗಲಿಲ್ಲ. ಎರಡೂ ಕಡೆಯ ಜಾಹೀರಾತಿನವರು ಈ ಫಲಿತಾಂಶವನ್ನು ಪೂರ್ತಿ ಹೇಳುವುದಿಲ್ಲ!

ತುಂಡುಗಳಿಗೆ ಒಂದು ಮಿತಿಯಿದೆ. ಇಪ್ಪತ್ತು ತುಂಡು ಕಣ್ಣಿಗೆ ಚೆಂದ, ಇನ್ನೂರಾದರೆ ಪರದೆಯ ಮೇಲೆ ಸಂತೆ. ಒಂದು ಉದಾಹರಣೆ ಕೊಡುತ್ತೇನೆ. 2010ರ ಮಾರ್ಚ್ ಕೊನೆಯವರೆಗೆ ಉಳಿತಾಯ ಖಾತೆಯ ಬಡ್ಡಿಯನ್ನು ತಿಂಗಳ ಹತ್ತನೆಯ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಬಾಕಿಯ ಮೇಲೆ ಹಾಕುತ್ತಿದ್ದೆವು. 2010ರ ಏಪ್ರಿಲ್ 1ರಿಂದ ದಿನದಿನದ ಬಾಕಿಯ ಮೇಲೆ. ಹಳೆಯ ನಿಯಮವನ್ನು ತುಂಡುಗಳಲ್ಲಿ ಜೋಡಿಸಿ ನೋಡಿ, ‘ಒಂದು ವೇಳೆ’ಯೊಳಗೆ ‘ಒಂದು ವೇಳೆ’ ಕೂತು ಎಲ್ಲಿ ಯಾವುದು ಮುಗಿಯಿತು ಎಂದು ಹುಡುಕುವುದೇ ಕೆಲಸವಾಗುತ್ತದೆ. ಅಕ್ಷರದಲ್ಲಾದರೆ ಹತ್ತಾರು ಸಾಲು. ಅದೂ ಅಲ್ಲದೆ ಕೇಂದ್ರ ಪಠ್ಯಕ್ರಮದ ಹನ್ನೊಂದು-ಹನ್ನೆರಡನೆಯ ತರಗತಿಗಳಲ್ಲಿ ಇರುವುದು ಪೈಥಾನ್. ಉದ್ಯೋಗಕ್ಕಾಗಿ ಕಲಿಯುವ ಪದವೀಧರ ಹುಡುಗ ಹುಡುಗಿಯರು ಬೆಕ್ಕು ಕುಣಿಸುತ್ತ ಕೂರಬೇಕಾಗಿಲ್ಲ, ನೇರ ಅಕ್ಷರಕ್ಕೇ ಹೋಗಲಿ.

ಇನ್ನು ನಮ್ಮದೇ ಆದ ಒಂದು ತೊಡಕು. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಗಡಿ ಸರಿಯಿತು, ಮನೆಯ ಮಾತು ಸರಿಯಲಿಲ್ಲ. ಆದ್ದರಿಂದ ನಮ್ಮ ಮಗು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಇಲ್ಲವೆ ಇಂಗ್ಲಿಷ್, ಬಜಾರಿನಲ್ಲಿ ಉರ್ದು ಆಡುತ್ತದೆ. ಇಂಥ ಮಗುವಿನ ಎದುರಿಗೆ ಮೊದಲ ದಿನವೇ ಇಂಗ್ಲಿಷ್ ಆಜ್ಞೆಗಳ ಪುಟ ಇಟ್ಟರೆ ಅದು ಬೋರ್ಡಿನ ಮೇಲಿದ್ದುದನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡುತ್ತದೆ. ನಮ್ಮ ಕಡೆಯ ಒಂದು ತರಬೇತಿ ಕೇಂದ್ರದ ಮಕ್ಕಳ ವಹಿಗಳನ್ನು ತೆರೆದು ನೋಡಿದ್ದೇನೆ. ಪುಟಗಟ್ಟಲೆ ಮುದ್ದಾದ ಅಕ್ಷರ, ಒಂದು ಸಂಖ್ಯೆ ಬದಲಾಯಿಸು ಎಂದರೆ ಯಾರಿಗೂ ಕೈ ಓಡದು. ಅದಕ್ಕೆ ಕಟ್ಟಿದ ರೊಕ್ಕ ಹೋದದ್ದು ಒಂದು ಕಡೆ, ‘ಇದು ನನ್ನ ತಲೆಗೆ ಹತ್ತುವುದಲ್ಲ’ ಎಂದು ಮಗು ತೀರ್ಮಾನಿಸಿಕೊಳ್ಳುವುದು ಇನ್ನೊಂದು ಕಡೆ. ಎರಡನೆಯ ನಷ್ಟ ದೊಡ್ಡದು.

ಈ ತೊಡಕಿಗೆ ನಮ್ಮವರೇ ಒಂದು ದಾರಿ ತೋರಿಸಿದ್ದರು ಎಂಬುದು ಬಹಳ ಜನರಿಗೆ ತಿಳಿಯದು. ಮಕ್ಕಳಿಗೆಂದೇ ಮಾಡಿದ ಲೋಗೋ ಎಂಬ ಭಾಷೆ 1967ರಲ್ಲಿ ಹುಟ್ಟಿತು. ಸೀಮರ್ ಪ್ಯಾಪರ್ಟ್, ವಾಲಿ ಫೋಯರ್‌ಝೈಗ್, ಸಿಂಥಿಯಾ ಸಾಲಮನ್ ಅದರ ಹಿಂದಿದ್ದವರು. ಅದರಲ್ಲಿ ಒಂದು ಆಮೆ. ನೂರು ಹೆಜ್ಜೆ ಮುಂದೆ ಹೋಗು, ತೊಂಬತ್ತು ಅಂಶ ಬಲಕ್ಕೆ ತಿರುಗು, ಇದನ್ನು ನಾಲ್ಕು ಸಲ ಮಾಡು ಎಂದು ಬರೆದರೆ ಆಮೆ ನಡೆದಲ್ಲೆಲ್ಲ ಗೆರೆ ಎಳೆದು ಚೌಕ ಬಿಡಿಸುತ್ತದೆ. ಇದನ್ನು ಕನ್ನಡದಲ್ಲೇ ಆಜ್ಞೆ ಕೊಡುವಂತೆ ಸಿದ್ಧಪಡಿಸಿದವರು ಯು. ಬಿ. ಪವನಜ ಅವರು, 1996ರಲ್ಲಿ ಅಂತರಜಾಲದಲ್ಲಿ ‘ವಿಶ್ವಕನ್ನಡ’ ಪತ್ರಿಕೆ ಆರಂಭಿಸಿದವರು. ಲೋಗೋದ ಗುಣ ನೋಡಿ: ಬರೆಯುವುದು ಅಕ್ಷರ, ಕಾಣುವುದು ಚಿತ್ರ. ಚಿತ್ರವೋ ಅಕ್ಷರವೋ ಎಂದು ಜಗಳವಾಡುವವರು ಈ ಮೂರನೆಯ ದಾರಿಯನ್ನು ಮರೆತಿದ್ದಾರೆ. ಬಾಗಿಲ ಮುಂದೆ ಚುಕ್ಕೆ ಎಣಿಸಿ ರಂಗೋಲಿ ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಆಮೆಗೆ ಆಜ್ಞೆ ಕೊಡುವುದನ್ನು ಯಾರೂ ವಿಶೇಷವಾಗಿ ಹೇಳಿಕೊಡಬೇಕಿಲ್ಲ.

ಆ ಆಮೆ ಈಗ ಪೈಥಾನ್‌ನೊಳಗೂ ಇದೆ, ‘ಟರ್ಟಲ್’ ಎಂದು ಕರೆದರೆ ಬರುತ್ತದೆ. ಸ್ಕ್ರ್ಯಾಚ್‌ನಿಂದ ಅಕ್ಷರಕ್ಕೆ ದಾಟುವ ಮಗುವಿಗೆ ನಾನು ಹೇಳುವ ಸೇತುವೆ ಇದೇ. ಸ್ಕ್ರ್ಯಾಚ್‌ನಲ್ಲಿ ಬಿಡಿಸಿದ ಚೌಕವನ್ನೇ ಪೈಥಾನ್‌ನಲ್ಲಿ ಬಿಡಿಸಲಿ. ‘ನಾಲ್ಕು ಸಲ ಮಾಡು’ ಎಂಬ ತುಂಡಿಗೆ ಒಂದು ಬಾಯಿ ಇರುತ್ತದಲ್ಲ, ಅದರೊಳಗೆ ಬಿದ್ದದ್ದೆಲ್ಲ ನಾಲ್ಕು ಸಲ ಆಗುತ್ತದೆ. ಪೈಥಾನ್‌ನಲ್ಲಿ ಸಾಲಿನ ಮೊದಲು ಬಿಡುವ ಜಾಗವೇ ಆ ಬಾಯಿ. ಎಡ ಅಂಚಿನಿಂದ ಒಳಸರಿದ ಸಾಲು ಬಾಯಿಯೊಳಗಿನದು, ಅಂಚಿಗೆ ಮರಳಿದ ಸಾಲು ಹೊರಗಿನದು. ಈ ಒಂದು ಮಾತು ಗೊತ್ತಾದರೆ ಅರ್ಧ ಗೋಜಲು ಬಿಡಿಸಿದಂತೆ. ಇನ್ನೊಂದು ಸಮಾಧಾನವೆಂದರೆ 2008ರಲ್ಲಿ ಬಂದ ಪೈಥಾನ್ ಮೂರನೆಯ ಆವೃತ್ತಿಯಿಂದ ಈಚೆಗೆ ಡಬ್ಬಿಯ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಆಜ್ಞೆಗಳು ಇಂಗ್ಲಿಷಿನವೇ, ಆದರೆ ಅಸಲು, ಬಡ್ಡಿ ಎಂದು ಬರೆದರೆ ಅದು ಒಪ್ಪಿಕೊಳ್ಳುತ್ತದೆ. ಏನನ್ನು ಎಣಿಸುತ್ತಿದ್ದೇನೆ ಎಂದು ಮಗುವಿಗೆ ನೆನಪಿರುತ್ತದೆ.

ಕಣ್ಣು ಕಾಣದ ಮಕ್ಕಳ ವಿಷಯಕ್ಕೆ ಬಂದರೆ ನನ್ನ ಸಲಹೆ ತಿರುವುಮುರುವು. ತುಂಡನ್ನು ಕಣ್ಣಿನಿಂದ ಹುಡುಕಿ ಮೌಸಿನಿಂದ ಎಳೆಯಬೇಕು. ಅಕ್ಷರದ ಸಾಲನ್ನಾದರೆ ಪರದೆ ಓದುವ ತಂತ್ರಾಂಶ ಗಟ್ಟಿಯಾಗಿ ಓದಿ ಹೇಳುತ್ತದೆ. ಎನ್.ವಿ.ಡಿ.ಎ. ಎಂಬುದು ಅಂಥದ್ದು, ಉಚಿತ. ಈ ಮಕ್ಕಳಿಗೆ ಮೊದಲಿನಿಂದಲೇ ಅಕ್ಷರ, ಆಮೆಯ ಬದಲು ಬಡ್ಡಿಯಂಥ ಲೆಕ್ಕಗಳು.

ಈಗಂತೂ ಕೇಳಿದರೆ ಯಂತ್ರವೇ ಕ್ರಮವಿಧಿ ಬರೆದುಕೊಡುತ್ತದಲ್ಲ, ಕಲಿಯುವುದೇಕೆ ಎಂದು ಕೆಲವರು ಕೇಳುತ್ತಾರೆ. ಬರೆದುಕೊಡುತ್ತದೆ ನಿಜ, ಅಕ್ಷರದಲ್ಲೇ ಬರೆದುಕೊಡುತ್ತದೆ. ಹತ್ತು ಸಾವಿರವನ್ನು ಬಾಯಿಯೊಳಗೆ ಇಟ್ಟಿದೆಯೋ ಹೊರಗೋ ಎಂದು ಓದಿ ನೋಡುವವರು ಬೇಕಲ್ಲ. ಓದಲಾದರೂ ಬರಬೇಕು.

ಫೀ ಕಟ್ಟುವ ಮುಂಚೆ ಕೇಂದ್ರದವರನ್ನು ಇಷ್ಟು ಕೇಳಿ. ಒಂದು ಯಂತ್ರಕ್ಕೆ ಎಷ್ಟು ಮಕ್ಕಳು? ತುಂಡುಗಳಿಂದ ಅಕ್ಷರಕ್ಕೆ ಯಾವ ತಿಂಗಳು ದಾಟಿಸುತ್ತೀರಿ? ಒಂದು ವರ್ಷ ಕಳೆದರೂ ಬೆಕ್ಕೇ ಕುಣಿಯುತ್ತಿದ್ದರೆ ಕೇಳಲೇಬೇಕು. ಮಗು ತಾನೇ ಮಾಡಿದ ಒಂದು ಕೆಲಸವನ್ನು ನಿಮ್ಮ ಎದುರಿಗೆ ತೆರೆಸಿ, ಅದರಲ್ಲಿ ಒಂದು ಸಂಖ್ಯೆ ಬದಲಾಯಿಸಲು ಹೇಳಿ, ಏನಾಗುತ್ತದೆ ಎಂದು ಮೊದಲೇ ಹೇಳಿಸಿ ನೋಡಿ. ಕೇಂದ್ರವೇ ಇಲ್ಲದ ಊರಿನವರು ಧೈರ್ಯಗೆಡಬೇಡಿ. ಸ್ಕ್ರ್ಯಾಚ್ ಆಗಲಿ ಪೈಥಾನ್ ಆಗಲಿ ದುಡ್ಡಿಲ್ಲದೆ ಸಿಗುತ್ತವೆ. ಎರಡನ್ನೂ ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ, ಹಳೆಯ ಲ್ಯಾಪ್‌ಟಾಪ್ ಸಾಕು. ಸಣ್ಣ ಫೋನಿನಲ್ಲಿ ಮಾತ್ರ ತುಂಡುಗಳನ್ನು ಜೋಡಿಸುವುದು ಬೆರಳಿಗೂ ಕಣ್ಣಿಗೂ ಕಷ್ಟ. ಮನೆಯಲ್ಲಿ ಫೋನ್ ಒಂದೇ ಇದ್ದರೆ ಮೊದಲ ವಾರ ಅಂಗಳದಲ್ಲಿ ಚೌಕ ಬರೆದು, ಒಬ್ಬ ಮಗು ಆಮೆಯಾಗಿ ನಿಲ್ಲಲಿ, ಇನ್ನೊಬ್ಬ ಚೀಟಿಯಲ್ಲಿ ಆಜ್ಞೆ ಬರೆದು ಕೊಡಲಿ. ಚೀಟಿಯಲ್ಲಿದ್ದಷ್ಟೇ ನಡೆಯಬೇಕು, ಇಲ್ಲದ್ದನ್ನು ಊಹಿಸಿ ತಿರುಗಬಾರದು ಎಂದು ಆಮೆಗೆ ಮೊದಲೇ ತಾಕೀತು ಮಾಡಿರಿ.