ಬೀಗ ಮನೆಯದು, ಬೀಗದಕೈ ಊರಿನದು

2017ರ ಜುಲೈ ಕೊನೆಯ ಭಾಗದಲ್ಲಿ ಕರ್ನಾಟಕದ ಅನೇಕ ಬಿ.ಎಸ್.ಎನ್.ಎಲ್. ಗ್ರಾಹಕರ ಅಂತರ್ಜಾಲ ಸಂಪರ್ಕ ಏಕಾಏಕಿ ಕಡಿದುಹೋಯಿತು. ಮಳೆಗಾಳಿಗೆ ತಂತಿ ಹರಿದದ್ದಲ್ಲ. ದುಷ್ಟ ತಂತ್ರಾಂಶವೊಂದು ಮೋಡೆಮುಗಳನ್ನು ಹೊಕ್ಕಿತ್ತು. ಸಂಸ್ಥೆಯೇ ಹೇಳಿದಂತೆ ತೊಂದರೆಗೀಡಾದವು ಸುಮಾರು 60 ಸಾವಿರ ಮೋಡೆಮುಗಳು. ಅವುಗಳಲ್ಲಿ ಬಳಕೆದಾರನ ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’! ಕಾರ್ಖಾನೆಯಿಂದ ಬಂದದ್ದನ್ನು ಯಾರೂ ಬದಲಾಯಿಸಿರಲಿಲ್ಲ. ಪಾಸ್‌ವರ್ಡ್ ಬದಲಾಯಿಸಿರೆಂದು ಸಂಸ್ಥೆ ಆಮೇಲೆ ಗ್ರಾಹಕರನ್ನು ಕೇಳಿಕೊಂಡಿತು.

ಪಾಸ್‌ವರ್ಡನ್ನು ಊಹಿಸುವ ತಂತ್ರಾಂಶಕ್ಕೆ ಬುದ್ಧಿ ಬೇಕಾಗಿಲ್ಲ, ತಾಳ್ಮೆಯೊಂದಿದ್ದರೆ ಸಾಕು. ಒಂದು ಗೊಂಚಲು ಬೀಗದಕೈಗಳನ್ನು ಹಿಡಿದು ಒಂದೊಂದಾಗಿ ತಿರುಗಿಸಿ ನೋಡುವವನಂತೆ ಅದರ ಕೆಲಸ. ‘ಹೈಡ್ರಾ’ ಎಂಬುದು ಜಾಲದ ಬಾಗಿಲಲ್ಲೇ ನಿಂತು ತಟ್ಟುತ್ತದೆ. ‘ಜಾನ್ ದ ರಿಪ್ಪರ್’ ಎಂಬುದು ರೂಪಾಂತರಿಸಿಟ್ಟ ಪಾಸ್‌ವರ್ಡುಗಳ ಕಡತ ಕೈಗೆ ಸಿಕ್ಕರೆ ಸದ್ದಿಲ್ಲದೆ ಕುಳಿತು ಬಿಡಿಸುತ್ತದೆ. ಇವು ಗುಟ್ಟಿನ ಸಾಧನಗಳೇನಲ್ಲ. ಜಾಲದ ಭದ್ರತೆಯನ್ನು ಪರೀಕ್ಷಿಸುವವರು ಮಾಲೀಕರ ಒಪ್ಪಿಗೆ ಪಡೆದು ಬಳಸುವಂಥವು. ಒಪ್ಪಿಗೆಯಿಲ್ಲದೆ ಕೆಟ್ಟ ಉದ್ದೇಶದಿಂದ ಪರರ ಗಣಕಯಂತ್ರ ಹೊಕ್ಕರೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕುತೂಹಲಿ ಹುಡುಗರು ಇದನ್ನು ತಿಳಿದಿರಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಎಂಟು ಅಂಕಿಗಳ ಪಾಸ್‌ವರ್ಡಿಗೆ 10 ಕೋಟಿ ಸಾಧ್ಯತೆಗಳಿವೆ. ಅಷ್ಟಿದ್ದರೆ ಸಾಕಲ್ಲವೇ ಎಂದು ನಾವು ಹುಟ್ಟಿದ ದಿನಾಂಕವನ್ನೇ ಇಟ್ಟುಕೊಳ್ಳುತ್ತೇವೆ. ಆದರೆ ನೂರು ವರ್ಷಗಳಲ್ಲಿ ಇರುವ ದಿನಗಳೇ ಸುಮಾರು 36,525! ತಡೆಯುವವರಿಲ್ಲದೆ ಸೆಕೆಂಡಿಗೆ ಹತ್ತರಂತೆ ತಟ್ಟಿದರೂ ಒಂದು ಗಂಟೆಯ ಕೆಲಸ. ಎ.ಟಿ.ಎಂ. ಕಾರ್ಡಿನ ನಾಲ್ಕಂಕಿಗೆ 10 ಸಾವಿರ ಸಾಧ್ಯತೆಗಳಷ್ಟೇ ಇದ್ದರೂ ಅದು ಉಳಿದುಕೊಂಡಿರುವುದು ಕೆಲವು ಸಲ ತಪ್ಪಿದೊಡನೆ ಬ್ಯಾಂಕು ಕಾರ್ಡನ್ನು ತಡೆಹಿಡಿಯುವುದರಿಂದ. ಅಂಥ ಕಾವಲು ಎಲ್ಲ ಕಡೆಯೂ ಇರುವುದಿಲ್ಲ. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳಿಗೆ ಸುಮಾರು 20,882 ಕೋಟಿ ಸಾಧ್ಯತೆಗಳು. ಇನ್ನು ನಾಲ್ಕೇ ಅಕ್ಷರ ಸೇರಿಸಿದರೆ ಅದು 4,56,976 ಪಟ್ಟು ಹೆಚ್ಚುತ್ತದೆ. ಚಿಹ್ನೆಗಳ ಕಸರತ್ತಿಗಿಂತ ಉದ್ದವೇ ಲೇಸೆಂದು ನಮ್ಮ ಅಭಿಪ್ರಾಯ.

ಇದೇನೂ ಇಂದಿನ ಕಾಯಿಲೆಯಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪರೀಕ್ಷಿಸಿದ 3,289 ಪಾಸ್‌ವರ್ಡುಗಳಲ್ಲಿ 2,831 ಸುಲಭವಾಗಿ ಸಿಕ್ಕಿದವೆಂದು ಬರೆದರು. ವಿಚಿತ್ರವೆಂದರೆ, 1988ರ ನವೆಂಬರಿನಲ್ಲಿ ಅಂತರ್ಜಾಲವನ್ನು ಕಂಗೆಡಿಸಿದ ‘ಹುಳು’ವನ್ನು ಬಿಟ್ಟವನು ಅದೇ ಮಾರಿಸರ ಮಗ! ಆ ಹುಳುವಿನ ಹೊಟ್ಟೆಯಲ್ಲಿ 432 ಪದಗಳ ಪಟ್ಟಿಯೊಂದಿತ್ತು.

ಪದಗಳ ಪಟ್ಟಿ ಇಂಗ್ಲಿಷಿನದೇ ಆಗಬೇಕೆಂದಿಲ್ಲ. ಮನೆದೇವರ ಹೆಸರನ್ನೋ ಮಗಳ ಹೆಸರನ್ನೋ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಮುಂದೆ 123 ಸೇರಿಸಿದರೆ ಮಲೆಯಾಳಿಗಳ ನಡುವೆ ಯಾರಿಗೂ ತಿಳಿಯದೆಂದು ಕಾಸರಗೋಡಿನವರು, ತೆಲುಗರ ನಡುವೆ ತಿಳಿಯದೆಂದು ಕೋಸಗಿಯ ನಾವು ನೆಮ್ಮದಿಯಿಂದಿದ್ದರೆ ಅದು ಹುಸಿ. ಹೆಸರುಗಳ ಪಟ್ಟಿ ಮಾಡಲು ಮತದಾರರ ಯಾದಿ ಸಾಲದೇ?

ನಮ್ಮಂಥ ಮನೆಗಳಿಗೆ ಇನ್ನೊಂದು ತೊಡಕಿದೆ. ಮೋಡೆಮಿನ ಸೂಚನೆ ಇಂಗ್ಲಿಷಿನಲ್ಲಿ. ಜೋಡಿಸಲು ಬಂದವನ ಮಾತು ಅಲ್ಲಿ ಮಲೆಯಾಳ, ಇಲ್ಲಿ ತೆಲುಗು. ಹಿರಿಯರು ತಲೆಯಾಡಿಸಿ ರುಜು ಹಾಕುತ್ತಾರೆ. ಬೀಗದಕೈ ಕಾರ್ಖಾನೆಯದೇ ಉಳಿಯುತ್ತದೆ. ಅವನು ಹೊರಡುವ ಮುನ್ನ ಹೈಸ್ಕೂಲಿನ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿ, ವೈಫೈ ಪಾಸ್‌ವರ್ಡಷ್ಟೇ ಅಲ್ಲ, ಮೋಡೆಮಿನ ಒಳಗಿನ ‘ಅಡ್ಮಿನ್’ ಪಾಸ್‌ವರ್ಡನ್ನೂ ಬದಲಾಯಿಸಿಕೊಳ್ಳಿ. ಪರಸ್ಪರ ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಒಟ್ಟಿಗೆ ಬರೆದರೆ ಒಳ್ಳೆಯದು: ಹಲಸು, ಸೌದೆ, ಗಡಿಯಾರ, ಮಂಗಳವಾರ ಎಂಬಂತೆ. ಪತ್ರಿಕೆಯಲ್ಲಿ ಅಚ್ಚಾದ ಈ ನಾಲ್ಕನ್ನು ಮಾತ್ರ ಬಿಟ್ಟು, ನಿಮ್ಮವೇ ಬೇರೆ ನಾಲ್ಕನ್ನು ಹುಡುಕಿಕೊಳ್ಳಿ.