ಕಿವಿಗೆ ಬೇಕಾದಷ್ಟು ದನಿ
(ಬಾನುಲಿ ಭಾಷಣ)

ಮೂವತ್ತು ವರ್ಷಕ್ಕೂ ಮಿಕ್ಕಿ ಹಳಗನ್ನಡ ಕಾವ್ಯವನ್ನೂ ಛಂದಸ್ಸನ್ನೂ ಪಾಠ ಹೇಳಿದವನು ವೋಲ್ಟು, ಓಮುಗಳ ವಿಷಯ ಮಾತನಾಡಲು ಕುಳಿತರೆ ಕೇಳುವವರಿಗೆ ಸ್ವಲ್ಪ ಸೋಜಿಗವಾದೀತು. ಇದಕ್ಕೆ ಕಾರಣನಾದವನು ನನ್ನ ತಮ್ಮನ ಮಗ. ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ ಗದ್ದೆ, ತೋಟ ನೋಡಿಕೊಂಡಿದ್ದಾನೆ. ಒಂದು ಸಂಜೆ ಫೋನು ಮಾಡಿದ. "ದೊಡ್ಡಪ್ಪ, ಅಡಿಕೆ ಮಾರಿದ ದುಡ್ಡಿನಲ್ಲಿ ಒಂದು ಒಳ್ಳೆಯ ಹೆಡ್‌ಫೋನು ತಗೊಂಡೆ. ಬರೀ ಮೊಬೈಲಿಗೆ ಸಿಕ್ಕಿಸಿದರೆ ಅದರ ಗುಣ ಹೊರಗೆ ಬರೋದಿಲ್ಲ, ಬೇರೆ ಆಂಪ್ಲಿಫೈಯರ್ ಬೇಕೇ ಬೇಕು ಅಂತಾರೆ ಅಂಗಡಿಯವರು. ಅದಕ್ಕೆ ಇನ್ನೂ ಹನ್ನೆರಡು ಸಾವಿರ. ಏನು ಮಾಡಲಿ?" ಎಂದು ಕೇಳಿದ. ಅವನು ಹೆಡ್‌ಫೋನು ಕೊಂಡದ್ದು ಏನನ್ನು ಕೇಳುವುದಕ್ಕಾಗಿ ಎಂಬುದನ್ನು ಆಮೇಲೆ ಹೇಳುತ್ತೇನೆ. ಪ್ರಶ್ನೆಯ ಜೀವ ಇರುವುದು ಅಲ್ಲಿಯೇ.

ಮೊದಲು ಶಬ್ದದ ಗೊಂದಲವೊಂದನ್ನು ಕಳೆದುಕೊಳ್ಳಬೇಕು. ಆಂಪ್ಲಿಫೈಯರನ್ನು ನಾವು ಧ್ವನಿವರ್ಧಕ ಎನ್ನುತ್ತೇವೆ. ಮದುವೆ ಮನೆಯ ಮೇಲೆ ಕಟ್ಟುವ ಕಹಳೆಯಂಥ ಸ್ಪೀಕರಿಗೂ ಅದೇ ಹೆಸರು. ಆದರೆ ಆಂಪ್ಲಿಫೈಯರ್ ಹೆಚ್ಚಿಸುವುದು ಧ್ವನಿಯನ್ನಲ್ಲ. ಧ್ವನಿಯ ರೂಪವನ್ನು ಹೊತ್ತ ಕ್ಷೀಣವಾದ ವಿದ್ಯುತ್ತನ್ನು ಅದೇ ರೂಪದ, ಹೆಚ್ಚು ಬಲದ ವಿದ್ಯುತ್ತಾಗಿಸುವುದಷ್ಟೇ ಅದರ ಕೆಲಸ. ಅದನ್ನು ಮತ್ತೆ ಧ್ವನಿಯಾಗಿಸುವುದು ಹೆಡ್‌ಫೋನಿನ ಕೆಲಸ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಈ ಹೆಡ್‌ಫೋನಿಗೆ ಎಷ್ಟು ವಿದ್ಯುತ್ತು ಬೇಕು, ನನ್ನ ಬಳಿ ಇರುವ ಉಪಕರಣ ಎಷ್ಟು ಕೊಡಬಲ್ಲುದು ಎಂಬುದು. ಇದು ಲೆಕ್ಕದ ಮಾತು, ಭಕ್ತಿಯ ಮಾತಲ್ಲ.

ಆಂಪ್ಲಿಫೈಯರ್ ಇಲ್ಲದೆ ಹೆಡ್‌ಫೋನು ನುಡಿಯುವುದೇ ಎಂದರೆ, ನುಡಿಯುತ್ತಿತ್ತು. ಭದ್ರಾವತಿಯ ಆಕಾಶವಾಣಿ ನಿಲಯ ಆರಂಭವಾದದ್ದು 1965ರಲ್ಲಿ. ಎಪ್ಪತ್ತರ ದಶಕದಲ್ಲಿ ನಾನು ಶಿವಮೊಗ್ಗೆಯಲ್ಲಿ ಹೈಸ್ಕೂಲು ಓದುತ್ತಿದ್ದಾಗ ನಮ್ಮ ವಿಜ್ಞಾನದ ಮೇಷ್ಟರು ಒಂದು ತಂತಿಯ ಸುರುಳಿ, ಒಂದು ಸಣ್ಣ ಡಯೋಡು, ತೆಂಗಿನ ಮರಕ್ಕೆ ಕಟ್ಟಿದ ಉದ್ದನೆಯ ತಂತಿ, ಇಷ್ಟರಿಂದಲೇ ಒಂದು ರೇಡಿಯೋ ಮಾಡಿ ತೋರಿಸಿದರು. ಬ್ಯಾಟರಿ ಇಲ್ಲ, ಕರೆಂಟಿಲ್ಲ. ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದರೆ ಭದ್ರಾವತಿಯ ವಾರ್ತೆ ಸೊಳ್ಳೆಯ ಗುಂಯ್‌ಗುಡಿಕೆಯಷ್ಟು ಸಣ್ಣಗೆ, ಆದರೆ ಸ್ಪಷ್ಟವಾಗಿ ಕೇಳುತ್ತಿತ್ತು. ಆಕಾಶದಿಂದ ತಂತಿಗೆ ಇಳಿದ ಶಕ್ತಿಯೇ ಕಿವಿಯನ್ನು ಮುಟ್ಟುತ್ತಿತ್ತು. ಸೀಸದ ಅದಿರಾದ ಗೆಲೀನಾ ಹರಳನ್ನು ಇಂಥ ಅಲೆಗಳ ಶೋಧಕ್ಕೆ ಬಳಸುವ ಉಪಾಯಕ್ಕೆ ನಮ್ಮ ಜಗದೀಶಚಂದ್ರ ಬೋಸರು 1904ರಲ್ಲಿಯೇ ಅಮೆರಿಕದ ಪೇಟೆಂಟು ಪಡೆದಿದ್ದರೆಂಬುದನ್ನು ಮೇಷ್ಟರು ಅಂದು ಹೆಮ್ಮೆಯಿಂದ ಹೇಳಿದ್ದು ನೆನಪಿದೆ. ಆ ಹೆಡ್‌ಫೋನುಗಳ ತಡೆ 2000 ಓಮ್, ಕೆಲವದರದು 4000. ಇಂದಿನ ಲೆಕ್ಕದಲ್ಲಿ ಇದು ಬಹಳ ದೊಡ್ಡ ಸಂಖ್ಯೆ. ಆದರೂ ಅತ್ಯಲ್ಪ ಶಕ್ತಿಗೆ ಅವು ಸ್ಪಂದಿಸುತ್ತಿದ್ದುವು. ಓಮ್ ಹೆಚ್ಚಾಗಿದ್ದ ಮಾತ್ರಕ್ಕೆ ಆಂಪ್ಲಿಫೈಯರ್ ಬೇಕು ಎಂಬ ವಾದ ಅಲ್ಲಿಯೇ ಅರ್ಧ ಬಿದ್ದುಹೋಗುತ್ತದೆ.

ಇನ್ನು ನಮ್ಮ ಸೀಮೆಯ ಕೆರೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಸೊರಬ, ಶಿಕಾರಿಪುರಗಳು ಕೆರೆಗಳ ನಾಡು. ಕೆರೆಯ ಅಚ್ಚುಕಟ್ಟಿನೊಳಗಿನ ಗದ್ದೆಗೆ ಪಂಪ್‌ಸೆಟ್ಟು ಬೇಡ. ತೂಬು ಎತ್ತಿದರೆ ನೀರು ತಾನಾಗಿ ಇಳಿಯುತ್ತದೆ. ಕೆರೆಯ ಏರಿಗಿಂತ ಎತ್ತರದಲ್ಲಿರುವ ತೋಟಕ್ಕೆ ಮಾತ್ರ ಪಂಪು ಬೇಕು. ಗದ್ದೆಗೂ ಒಂದು ಪಂಪು ಇಟ್ಟುಕೊಂಡರೆ ಭತ್ತವೇನೂ ಹೆಚ್ಚು ಬೆಳೆಯುವುದಿಲ್ಲ. ಕೆರೆಯಲ್ಲಿ ನಿಂತ ನೀರಿನ ಎತ್ತರವೇ ವೋಲ್ಟು. ಹರಿದು ಹೋಗುವ ನೀರು ಕರೆಂಟು. ಕಾಲುವೆ ಒಡ್ಡುವ ತಡೆ ಓಮು. ಸಣ್ಣ ಕಾಲುವೆಯಲ್ಲಿ ಸಾಕಷ್ಟು ನೀರು ಹೋಗಬೇಕಾದರೆ ಎತ್ತರ ಬೇಕು. ದೊಡ್ಡ ಕಾಲುವೆಗೆ ಎತ್ತರ ಕಡಿಮೆ ಸಾಕು, ಆದರೆ ನೀರೇ ಬಹಳ ಬೇಕು. 300 ಓಮಿನ ಹೆಡ್‌ಫೋನು ವೋಲ್ಟು ಕೇಳುತ್ತದೆ, ಕರೆಂಟು ಅಷ್ಟಾಗಿ ಕೇಳುವುದಿಲ್ಲ. 32 ಓಮಿನದು ಇದಕ್ಕೆ ತಿರುಗುಮುರುಗು. ಜರ್ಮನಿಯ ಬೆಯರ್‌ಡೈನಾಮಿಕ್ ಕಂಪನಿಯ ಡಿಟಿ 880 ಎಂಬ ಒಂದೇ ಹೆಡ್‌ಫೋನು 32, 250, 600 ಓಮ್ ಹೀಗೆ ಮೂರು ಬಗೆಯಲ್ಲಿ ಮಾರಾಟಕ್ಕೆ ಬಂದಿತು. ಸೆನ್‌ಹೈಸರ್ ಕಂಪನಿ 1968ರಲ್ಲಿ ಹೊರತಂದ ಹಗುರವಾದ, ಹೆಸರುವಾಸಿ ಎಚ್‌ಡಿ 414 ಹೆಡ್‌ಫೋನಿನ ತಡೆ 2000 ಓಮ್. ಮನೆಮನೆಯ ಉಪಕರಣಗಳಿಗೆಂದೇ ಮಾಡಿದ್ದು ಅದು.

ಓಮಿನಷ್ಟೇ ಮುಖ್ಯವಾದ, ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಇನ್ನೊಂದು ಸಂಖ್ಯೆಯಿದೆ. ಒಂದು ಮಿಲಿವಾಟು, ಎಂದರೆ ವಾಟಿನ ಸಾವಿರದ ಒಂದು ಭಾಗ ಶಕ್ತಿ ಕೊಟ್ಟರೆ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆ ಎಂಬುದು. ಇದನ್ನು ಸಂವೇದನೆ ಎನ್ನೋಣ. ಕೆಲವರು ಒಂದು ಮಿಲಿವಾಟಿಗೆ ಬದಲು ಒಂದು ವೋಲ್ಟಿಗೆ ಎಷ್ಟು ಎಂದು ಅಚ್ಚು ಹಾಕಿರುತ್ತಾರೆ. ಎರಡನ್ನೂ ಬೆರೆಸಿಕೊಂಡರೆ ಲೆಕ್ಕ ಕೆಡುತ್ತದೆ, ಎಚ್ಚರ ಬೇಕು.

ನಮ್ಮ ಹುಡುಗನ ಹೆಡ್‌ಫೋನು 300 ಓಮಿನದು. ಒಂದು ಮಿಲಿವಾಟಿಗೆ 97 ಡೆಸಿಬೆಲ್. ಮೊಬೈಲು ಸಾಮಾನ್ಯವಾಗಿ ಅರ್ಧದಿಂದ ಒಂದು ವೋಲ್ಟಿನವರೆಗೆ ಕೊಡುತ್ತದೆ. ವೋಲ್ಟನ್ನು ಅದರಿಂದಲೇ ಗುಣಿಸಿ ಓಮಿನಿಂದ ಭಾಗಿಸಿದರೆ ವಾಟು ಸಿಗುತ್ತದೆ. ಒಂದು ವೋಲ್ಟಿಗೆ ಈ ಹೆಡ್‌ಫೋನು ಪಡೆಯುವುದು ಸುಮಾರು 3.3 ಮಿಲಿವಾಟು, ಅದರಿಂದ ಹೊರಡುವ ಧ್ವನಿ 102 ಡೆಸಿಬೆಲ್. ಅರ್ಧ ವೋಲ್ಟಾದರೆ 96. ಮಾರುದೂರದಲ್ಲಿ ಕುಳಿತು ನಾವು ಆಡುವ ಮಾತು ಸುಮಾರು 60 ಡೆಸಿಬೆಲ್ ಎಂಬುದನ್ನು ನೆನೆದರೆ ಇದು ಧಾರಾಳ. ಸಂಗೀತದಲ್ಲಿ ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಚಿಮ್ಮುವ ಪೆಟ್ಟುಗಳಿರುತ್ತವೆ. 75ರ ಹದದಲ್ಲಿ ಕೇಳುವವನಿಗೆ 95 ಸಿಕ್ಕರೆ ಸಾಕು. ಅಂಗಡಿಯವರ ಮಾತು ಇಲ್ಲಿ ನಿಲ್ಲುವುದಿಲ್ಲ. ಹಾಗೆಂದು ಅವರು ಎಲ್ಲೆಲ್ಲಿಯೂ ತಪ್ಪೆನ್ನಲಾಗದು. ತೆಳು ಹಾಳೆಯ ಮೇಲೆ ತಂತಿ ಹರಡಿ ಮಾಡಿದ ಪ್ಲೇನಾರ್ ಎಂಬ ಜಾತಿಯ ಹೆಡ್‌ಫೋನುಗಳಲ್ಲಿ ಕೆಲವು 50 ಓಮಿನವೇ ಆಗಿದ್ದರೂ ಒಂದು ಮಿಲಿವಾಟಿಗೆ 84 ಡೆಸಿಬೆಲ್ಲನ್ನಷ್ಟೇ ಕೊಡುತ್ತವೆ. ಅಂಥದರಿಂದ 105 ಡೆಸಿಬೆಲ್ ತೆಗೆಯಬೇಕಾದರೆ ಸುಮಾರು 126 ಮಿಲಿವಾಟು, ಎಂದರೆ ಎರಡೂವರೆ ವೋಲ್ಟು, 50 ಮಿಲಿಆಂಪಿಯರು ಬೇಕು. ಅದು ಏರಿಯ ಮೇಲಿನ ತೋಟ. ಅದಕ್ಕೆ ಪಂಪು ಬೇಕೇ ಬೇಕು.

ತೂಬಿನ ಮಾತೂ ಒಂದಿದೆ. ಕೆರೆಯಲ್ಲಿ ನೀರು ಎಷ್ಟೇ ಇರಲಿ, ತೂಬು ಇಕ್ಕಟ್ಟಾದರೆ ಕಾಲುವೆ ತೆರೆದೊಡನೆ ಒತ್ತಡ ಕುಸಿಯುತ್ತದೆ. ಕೆಲವು ಹಳೆಯ ಸ್ಟೀರಿಯೋಗಳಲ್ಲಿ ಹೆಡ್‌ಫೋನಿನ ಕಿಂಡಿಯ ಹಿಂದೆ ನೂರಾರು ಓಮಿನ ತಡೆಯನ್ನು ಇಟ್ಟಿರುತ್ತಿದ್ದರು. 120 ಓಮಿನ ಅಂಥ ಕಿಂಡಿಗೆ 32 ಓಮಿನ ಹೆಡ್‌ಫೋನು ಸಿಕ್ಕಿಸಿದರೆ ವೋಲ್ಟಿನ ಐದನೆಯ ಒಂದು ಪಾಲು ಮಾತ್ರ ಅದನ್ನು ಮುಟ್ಟುತ್ತದೆ. ಅಷ್ಟೇ ಆಗಿದ್ದರೆ ಗುಂಡಿ ತಿರುಗಿಸಿ ಸರಿಮಾಡಬಹುದಿತ್ತು. ಹೆಡ್‌ಫೋನಿನ ತಡೆ ಎಲ್ಲ ಸ್ವರಗಳಿಗೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಕೆಲವು ಸ್ವರಗಳು ಉಬ್ಬಿ, ಮತ್ತೆ ಕೆಲವು ತಗ್ಗಿ, ಗಾಯಕನ ಕಂಠವೇ ಬೇರೆಯಾಗಿಬಿಡುತ್ತದೆ. ಕಿಂಡಿಯ ತಡೆ ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗವನ್ನು ಮೀರದಿದ್ದರೆ ಒಳ್ಳೆಯದೆಂಬುದು ಬಲ್ಲವರ ರೂಢಿ. ಇಂದಿನ ಮೊಬೈಲುಗಳಲ್ಲಿ ಅನೇಕಕ್ಕೆ ಹೆಡ್‌ಫೋನಿನ ಗುಂಡು ಕಿಂಡಿಯೇ ಇಲ್ಲ. ಬೆರಳುದ್ದದ ತಂತಿಯೊಂದನ್ನು ನಡುವೆ ಸಿಕ್ಕಿಸಬೇಕು. ಆ ತಂತಿಯ ತುದಿಯೊಳಗೇ ಒಂದು ಪುಟ್ಟ ಆಂಪ್ಲಿಫೈಯರ್ ಅಡಗಿದೆ. ತಂತಿಯಿಲ್ಲದ ಹೆಡ್‌ಫೋನಿನಲ್ಲಂತೂ ಅದು ಒಡಲಲ್ಲೇ ಇರುತ್ತದೆ. ಹಾಗಾಗಿ ಪ್ರಶ್ನೆ ಆಂಪ್ಲಿಫೈಯರ್ ಬೇಕೇ ಎಂಬುದಲ್ಲ, ಇರುವುದರ ಮೇಲೆ ಇನ್ನೊಂದು ಬೇಕೇ ಎಂಬುದು.

ಈ ಲೆಕ್ಕವನ್ನೆಲ್ಲ ಹೇಳಿದ ಮೇಲೂ ಹುಡುಗನಿಗೆ ಸಮಾಧಾನವಾಗಲಿಲ್ಲ. ಶಿವಮೊಗ್ಗೆಯ ಗೆಳೆಯನಿಂದ ಒಂದು ಆಂಪ್ಲಿಫೈಯರ್ ಎರವಲು ತಂದ. ಮೊದಲ ರಾತ್ರಿಯೇ ಫೋನು. "ದೊಡ್ಡಪ್ಪ, ಮಲ್ಲಿಕಾರ್ಜುನ ಮನ್ಸೂರರು ಎದುರಿಗೇ ಕೂತ ಹಾಗಿದೆ!" ನಾನು ಕೇಳಿದೆ: "ಸದ್ದು ಎರಡರಲ್ಲೂ ಒಂದೇ ಇತ್ತೇನೋ?" ಇರಲಿಲ್ಲ. ಮನುಷ್ಯನ ಕಿವಿಗೆ ಒಂದು ದೌರ್ಬಲ್ಯವಿದೆ. ಒಂದು ದನಿ ಇನ್ನೊಂದಕ್ಕಿಂತ ಡೆಸಿಬೆಲ್ ಒಂದೆರಡರಷ್ಟು ಜೋರಾಗಿದ್ದರೆ, ಅದು ಜೋರೆಂದು ತೋರುವುದಿಲ್ಲ. ಇಂಪೆಂದು, ಸ್ಪಷ್ಟವೆಂದು, ತುಂಬಿದೆಯೆಂದು ತೋರುತ್ತದೆ. ಅಂಗಡಿಗಳಲ್ಲಿ ನಡೆಯುವ ಹೋಲಿಕೆಗಳಲ್ಲಿ ಬಹುಪಾಲು ಈ ಒಂದು ಮೋಸದ ಮೇಲೆ ನಿಂತಿವೆ. ಬೇಕೆಂದು ಮಾಡುವ ಮೋಸವೆಂದಲ್ಲ, ಮಾರುವವನೂ ಅದಕ್ಕೆ ಬಲಿಯಾಗಿರುತ್ತಾನೆ. ಪಂಪ್‌ಸೆಟ್ಟಿನ ರಿಪೇರಿಗೆಂದು ಮನೆಯಲ್ಲಿಟ್ಟಿದ್ದ ಮಲ್ಟಿಮೀಟರಿನಿಂದ, ಒಂದೇ ಸಮನೆ ನುಡಿಯುವ ಸ್ವರವೊಂದನ್ನು ಹಾಕಿ, ಎರಡು ಕಡೆಯ ವೋಲ್ಟನ್ನೂ ಸರಿಸಮ ಮಾಡು ಎಂದೆ. ಆಮೇಲೆ ಅವನ ಹೆಂಡತಿ ಅವನಿಗೆ ಕಾಣದ ಹಾಗೆ ತಂತಿ ಬದಲಾಯಿಸುತ್ತ ಹೋಗಲಿ, ಯಾವುದು ಯಾವುದೆಂದು ಅವನು ಹೇಳಲಿ. ಹನ್ನೆರಡು ಸಲ ಹೇಳಿದನಂತೆ. ಏಳು ಸರಿ, ಐದು ತಪ್ಪು. ರೂಪಾಯಿ ಚಿಮ್ಮಿ ಹೇಳಿದ್ದರೂ ಸುಮಾರು ಅಷ್ಟೇ ಆಗುತ್ತಿತ್ತು.

ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅವನು ಹೆಡ್‌ಫೋನು ಕೊಂಡದ್ದು ಮನ್ಸೂರರಿಗಾಗಿ ಅಲ್ಲ. 1991ರಲ್ಲಿ ಊರಿನಲ್ಲಿ ನಡೆದ ಒಂದು ತಾಳಮದ್ದಳೆಯ ಕ್ಯಾಸೆಟ್ಟಿಗಾಗಿ. ಪ್ರಸಂಗ ಕೃಷ್ಣಸಂಧಾನ, ವಿದುರನ ಅರ್ಥ ಹೇಳಿದವನು ಅವನ ತಂದೆ, ನನ್ನ ತಮ್ಮ. ತಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನ ದನಿ ಉಳಿದಿರುವುದು ಅಂಥ ಕ್ಯಾಸೆಟ್ಟುಗಳಲ್ಲಿ ಮಾತ್ರ. ಟೇಪ್‌ರೆಕಾರ್ಡರನ್ನು ಅಂದು ಇಟ್ಟದ್ದು ಹಿಮ್ಮೇಳದ ಪಕ್ಕದಲ್ಲಿ. ಚೆಂಡೆಯ ಪೆಟ್ಟು ಅದರ ಮಿತಿಯನ್ನು ಮುಟ್ಟುವಷ್ಟು ಜೋರು. ಅರ್ಥಧಾರಿಯ ಮಾತು ಅದಕ್ಕಿಂತ ಮೂವತ್ತು ಮೂವತ್ತೈದು ಡೆಸಿಬೆಲ್ ಕೆಳಗೆ. ಮೊಬೈಲಿನ ಗುಂಡಿಯನ್ನು ಕೊನೆಯವರೆಗೂ ಏರಿಸಿದರೆ ಚೆಂಡೆ 102ಕ್ಕೆ ಬಂದಾಗ ಮಾತು 70ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೇಳುತ್ತದೆ, ಆದರೆ ಟೇಪಿನ ಸುಯ್ಯೆಂಬ ಸದ್ದಿನ ನಡುವೆ, ದನಿ ತಗ್ಗಿಸಿ ಆಡಿದ ಕಡೆಗಳಲ್ಲಿ, ಪಕ್ಕದ ಕೋಣೆಯ ಮಾತಿನಂತೆ. ಗುಂಡಿಗೆ ಇನ್ನು ಏರಲು ಎಡೆಯಿಲ್ಲ.

ಆಂಪ್ಲಿಫೈಯರ್ ಬೇಕೆನ್ನಿಸುವುದಾದರೆ ಇಲ್ಲಿಯೇ ಅನ್ನಿಸಬೇಕು. ಅವನು ಏರಿಸಿಯೂ ನೋಡಿದ. ತಂದೆಯ ಮಾತು ಹತ್ತಿರ ಬಂತು. ಜೊತೆಗೆ ಸುಯ್ಯೆಂಬುದೂ ಅಷ್ಟೇ ಏರಿತು. ಭಾಗವತರು ಪದ ಎತ್ತಿದೊಡನೆ ಚೆಂಡೆ ಕಿವಿಯ ಮೇಲೆ ಎರಗಿತು. ಆಂಪ್ಲಿಫೈಯರಿಗೆ ತಾರತಮ್ಯ ತಿಳಿಯದು, ಎಲ್ಲವನ್ನೂ ಸಮನಾಗಿ ಎತ್ತುತ್ತದೆ. ವಾರಕ್ಕೆ 40 ಗಂಟೆಗಳವರೆಗೆ 80 ಡೆಸಿಬೆಲ್, ಅದಕ್ಕೆ ಮೀರಿದರೆ ಅಪಾಯ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗೆರೆ. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಕಾಲ ಅರ್ಧವಾಗುತ್ತದೆ. 90ಕ್ಕೆ ವಾರಕ್ಕೆ ನಾಲ್ಕು ಗಂಟೆ ಮಾತ್ರ. ಅವನಿಗೆ ಬೇಕಾಗಿದ್ದುದು ಹೆಚ್ಚು ಶಕ್ತಿಯಲ್ಲ, ಮಾತನ್ನು ಚೆಂಡೆಯಿಂದ ಬಿಡಿಸುವ ಕೆಲಸ. ಅದನ್ನು ಕಂಪ್ಯೂಟರಿನಲ್ಲಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಿಂದ ಮಾಡಬಹುದು. ಚೆಂಡೆ ಬರುವಲ್ಲಿ ತಗ್ಗಿಸಿ, ಮಾತು ಬರುವಲ್ಲಿ ಎತ್ತಿ, ಸುಗ್ಗಿ ಮುಗಿದ ಮೇಲಿನ ಮೂರು ರಾತ್ರಿ ಕುಳಿತು ಅವನು ಅದನ್ನು ಮುಗಿಸಿದ. ಈಗ ಮೊಬೈಲಿನ ಗುಂಡಿ ಅರ್ಧ ದಾಟುವುದು ಬೇಕಿಲ್ಲ.

ನನಗೂ ಕಳುಹಿಸಿದ. ಕೇಳಿದೆ. ತಮ್ಮನ ದನಿ ಗುರುತಾಯಿತು, ಮಾತು ತಿಳಿಯಲಿಲ್ಲ. ಸ್ವರಗಳೆಲ್ಲ ಕೇಳಿದುವು, ಸಕಾರ, ಷಕಾರ, ತಕಾರಗಳು ಅಳಿಸಿಹೋಗಿದ್ದುವು. ನನಗೇ ಒಂದು ಆಂಪ್ಲಿಫೈಯರ್ ಬೇಕೇನೋ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಅರುವತ್ತು ದಾಟಿದ ಕಿವಿಗೆ ಮೊದಲು ಹೋಗುವುದು ಮೇಲಿನ ಕಂಪನಗಳು; ವ್ಯಂಜನಗಳ ಅಂಚು ಇರುವುದು ಅಲ್ಲಿ. ಕೇಳುವ ಭಾಗವನ್ನೂ ಕೇಳದ ಭಾಗವನ್ನೂ ಒಟ್ಟಿಗೆ ಏರಿಸಿದರೆ, ಉಳಿದಿರುವ ಭಾಗವನ್ನೂ ಕೆಡಿಸಿಕೊಂಡಂತೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ, ಅರುವತ್ತರ ದಶಕದಿಂದ. ಅಲ್ಲಿ ನನ್ನ ಕಿವಿಯನ್ನು ಸ್ವರ ಸ್ವರವಾಗಿ ಅಳೆದು ಒಂದು ನಕ್ಷೆ ಬರೆದು ಕೊಟ್ಟರು. ಎಲ್ಲಿ ತಗ್ಗಿದೆಯೋ ಅಲ್ಲಿ ಮಾತ್ರ ಎತ್ತುವ ಶ್ರವಣಸಾಧನವನ್ನು ಆ ನಕ್ಷೆಗೆ ಹೊಂದಿಸಿದರು. ದೀಪಾವಳಿಗೆ ಹೊಸಬಾಳೆಗೆ ಹೋದಾಗ ಅದರ ಮೇಲೆ ಹುಡುಗನ ಹೆಡ್‌ಫೋನನ್ನು ಇಟ್ಟುಕೊಂಡು ಜಗುಲಿಯಲ್ಲಿ ಕುಳಿತು ಕೇಳಿದೆ. ವಿದುರ ಕೃಷ್ಣನನ್ನು ಮನೆಯೊಳಗೆ ಕರೆಯುತ್ತಿದ್ದ. ಷಕಾರ ಷಕಾರವಾಗಿಯೇ ಇತ್ತು. ತಮ್ಮ ಅದರಲ್ಲಿ ಎಂದೂ ತಪ್ಪುತ್ತಿರಲಿಲ್ಲ.

ಎರವಲು ತಂದದ್ದು ಶಿವಮೊಗ್ಗೆಗೆ ಹಿಂದಿರುಗಿದೆ. ಹನ್ನೆರಡು ಸಾವಿರದಲ್ಲಿ ಒಂದಿಷ್ಟನ್ನು ಹುಡುಗ ಒಂದು ಹಳೆಯ, ಸುಸ್ಥಿತಿಯ ಕ್ಯಾಸೆಟ್ ಡೆಕ್ಕಿಗೆ ಹಾಕಿದ್ದಾನೆ. ಇನ್ನೂ ಹದಿನೇಳು ಕ್ಯಾಸೆಟ್ಟುಗಳಿವೆ. ಎರಡಕ್ಕೆ ಮಳೆಗಾಲದ ಬೂಷ್ಟು ಹಿಡಿದಿದೆ. ಅವನ್ನು ಮೊದಲು ಕೈಗೆತ್ತಿಕೊಂಡಿದ್ದಾನೆ.