ರೈಸ್‌ವೈಕ್‌ನ ಸೇವಾ ಸಂಸ್ಥೆಯಲ್ಲಿ ಹೊಸ ಕೆಲಸ: ಮೊದಲ ದಿನಗಳಿಗೆ ಕೈಪಿಡಿ

ಸೇವಾ ಸಂಸ್ಥೆಯ ಕೆಲಸವೆಂದರೆ ಕೊಟ್ಟಷ್ಟು ಸಂಬಳ, ರಜೆ ಕೇಳಲು ಸಂಕೋಚ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಹೇಗ್ ನಗರಕ್ಕೆ ಅಂಟಿಕೊಂಡ ರೈಸ್‌ವೈಕ್‌ಗೆ ಕೆಲಸಕ್ಕೆ ಹೊರಟವರು ಅದನ್ನು ಊರಲ್ಲೇ ಬಿಟ್ಟು ಹೋಗಲಿ. ನೆದರ್ಲೆಂಡ್ಸ್‌ನ ಲಾಭರಹಿತ ಸಂಸ್ಥೆಗಳು ಹೆಚ್ಚಾಗಿ ‘ಸ್ಟಿಖ್ಟಿಂಗ್’ ರೂಪದಲ್ಲಿರುತ್ತವೆ. ಅದಕ್ಕೆ ಸದಸ್ಯರಿಲ್ಲ, ಆಡಳಿತ ಮಂಡಳಿ ಇರುತ್ತದೆ. ಉಳಿದ ಹಣವನ್ನು ಸ್ಥಾಪಕರು ಹಂಚಿಕೊಳ್ಳುವಂತಿಲ್ಲ. ರೈಸ್‌ವೈಕ್‌ನ ಬಯೋಮೆಡಿಕಲ್ ಪ್ರೈಮೇಟ್ ರಿಸರ್ಚ್ ಸೆಂಟರ್ ಎಂಬ ಸಂಶೋಧನಾ ಕೇಂದ್ರವೂ ಸ್ಟಿಖ್ಟಿಂಗೇ. ಇಂಥ ಕಡೆ ಸಂಬಳಕ್ಕೆ ಸೇರಿದವರಿಗೆ ಕಂಪನಿಯ ನೌಕರರಿಗಿರುವ ಕಾರ್ಮಿಕ ಕಾನೂನೇ ಅನ್ವಯ. ಅದೇ ಊರಿನ ಯುರೋಪಿಯನ್ ಪೇಟೆಂಟ್ ಕಚೇರಿ ಅಂತರರಾಷ್ಟ್ರೀಯ ಸಂಸ್ಥೆಯಾದ್ದರಿಂದ ಅದರ ನಿಯಮಗಳು ಬೇರೆ.

ಹೊರಡುವ ಮೊದಲು

ಭಾರತದಿಂದ ಪರಿಣತ ಉದ್ಯೋಗಿಯಾಗಿ ಹೋಗುವವರು, ಕರೆಸುವ ಸಂಸ್ಥೆ ವಲಸೆ ಇಲಾಖೆಯ ಮಾನ್ಯತೆ ಪಡೆದ ಪ್ರಾಯೋಜಕರ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಈ ಪಟ್ಟಿ ಎಲ್ಲರಿಗೂ ತೆರೆದಿದೆ. ಸಂಸ್ಥೆಗೆ ಸಾರ್ವಜನಿಕ ಹಿತದ ‘ಆನ್‌ಬಿ’ ಮಾನ್ಯತೆ ಇದ್ದರೆ ಅದರ ಕಾರ್ಯಯೋಜನೆ, ವೇತನ ನೀತಿ, ಲೆಕ್ಕಪತ್ರ ಎಲ್ಲವೂ ಅಂತರ್ಜಾಲದಲ್ಲಿ ಪ್ರಕಟವಾಗಿರಲೇಬೇಕು. ಸಂದರ್ಶನಕ್ಕೆ ಮುನ್ನವೇ ಓದಿ. ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮೊದಲ ವಾರ

ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಇರುವವರು ತಲುಪಿದ 5 ದಿನಗಳೊಳಗೆ ತಾವು ವಾಸಿಸುವ ಊರಿನ ಪುರಸಭೆಯಲ್ಲಿ ಹೆಸರು ನೋಂದಾಯಿಸಬೇಕು. ಆಗ ಸಿಗುವ ನಾಗರಿಕ ಸೇವಾ ಸಂಖ್ಯೆ ‘ಬಿಎಸ್‌ಎನ್’ ಸಂಬಳಕ್ಕೂ ವಿಮೆಗೂ ಬೇಕು. ಕೆಲಸಕ್ಕೆ ಸೇರುವ ಸಂಸ್ಥೆಯಲ್ಲಿ ಪಾಸ್‌ಪೋರ್ಟ್ ತೋರಿಸಿ ಗುರುತು ಖಚಿತಪಡಿಸಬೇಕು. ಬೇಕಾದ ವಿವರ ಕೊಡದಿದ್ದರೆ ಶೇ 52ರಷ್ಟು ತೆರಿಗೆ ಕಡಿತವಾಗುವ ಅಪಾಯವಿದೆ. ಮಕ್ಕಳೊಂದಿಗೋ ರೋಗಿಗಳೊಂದಿಗೋ ಕೆಲಸವಿದ್ದರೆ ‘ವಿಒಜಿ’ ಎಂಬ ಸನ್ನಡತೆ ಪ್ರಮಾಣಪತ್ರ ಕೇಳಬಹುದು. ಆರೋಗ್ಯ ವಿಮೆಗೆ 4 ತಿಂಗಳ ಗಡುವು.

ಮೊದಲ ತಿಂಗಳು

ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಒಪ್ಪಂದದಲ್ಲಿ ಪರೀಕ್ಷಾ ಅವಧಿ ಇಡುವಂತಿಲ್ಲ. ಕಾಯಂ ಒಪ್ಪಂದದಲ್ಲೂ ಅದು 2 ತಿಂಗಳು ಮೀರುವಂತಿಲ್ಲ. ಆ ದಿನಗಳಲ್ಲಿ ಸಂಸ್ಥೆ, ನೌಕರ ಇಬ್ಬರಲ್ಲಿ ಯಾರು ಬೇಕಾದರೂ ತಕ್ಷಣ ಒಪ್ಪಂದ ಮುಗಿಸಬಹುದು. ಹಾಗಾಗಿ ಸಂದೇಹಗಳನ್ನೆಲ್ಲ ಆಗಲೇ ಕೇಳಿಬಿಡಿ. ಹಿರಿಯರನ್ನೂ ಹೆಸರು ಹಿಡಿದು ಕರೆಯುವ ಕಚೇರಿಗಳಲ್ಲಿ ನೇರವಾಗಿ ಕೇಳುವುದು ಉದ್ಧಟತನವಲ್ಲ.

ಸಂಬಳ, ರಜೆ, ಅನಾರೋಗ್ಯ

ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ರಜೆ ಉಂಟು. ಜೊತೆಗೆ ಸಾಮಾನ್ಯವಾಗಿ ಸಂಬಳದ ಶೇ 8ರಷ್ಟು ರಜಾಭತ್ಯೆ ಮೇ ಅಥವಾ ಜೂನ್‌ನಲ್ಲಿ ಕೈಸೇರುತ್ತದೆ. ಹುಷಾರಿಲ್ಲವೆಂದು ತಿಳಿಸಿದರೆ ಕಾಯಿಲೆ ಯಾವುದೆಂದು ಮೇಲಧಿಕಾರಿ ಕೇಳುವಂತಿಲ್ಲ. ಅದು ಕಂಪನಿ ವೈದ್ಯರ ಕೆಲಸ.

ಪಕ್ಕದ ಮೇಜಿನಲ್ಲಿ ಸಂಬಳವಿಲ್ಲದ ಸ್ವಯಂಸೇವಕರು ದುಡಿಯುತ್ತಿರಬಹುದು. ಅವರನ್ನು ನೋಡಿ ನಿಮ್ಮ ರಜೆಯನ್ನು ಬಿಟ್ಟುಕೊಡಬೇಡಿ. ಅವರು ಕೊಡುವುದು ತಮ್ಮ ಬಿಡುವಿನ ವೇಳೆ. ನೀವು ದುಡಿಯುವುದು ಮನೆ ನಡೆಸಲು. ದಣಿಯದೆ ಬಹಳ ವರ್ಷ ದುಡಿಯುವವರೇ ಸಂಸ್ಥೆಗೆ ಆಸರೆ.